ಕೊನೆಯ ಅಂಕಿ

ಲೆಡ್ಜರಿನ ಕಾಲದ ಗುಮಾಸ್ತರಲ್ಲಿ ಒಂದು ಪದ್ಧತಿಯಿತ್ತು. ಮೇಲಿನಿಂದ ಕೆಳಕ್ಕೆ ಕೂಡಿಸಿದ್ದನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿಸಿ ತಾಳೆ ನೋಡುವುದು. ಎರಡೂ ಒಂದೇ ಬಂದರೆ ಲೆಕ್ಕ ಸರಿ. ಹಿರಿಯರಿಂದ ಇದನ್ನು ಕಲಿತ ನನಗೆ, ಕಂಪ್ಯೂಟರ್ ಓದುತ್ತಿರುವ ಮಗಳು ತೋರಿಸಿದ ಸಂಗತಿ ದಿಗಿಲು ಹುಟ್ಟಿಸಿತು. 0.1, 0.2, 0.3 ಇವನ್ನು ಮೇಲಿನಿಂದ ಕೂಡಿಸಿದರೆ ಯಂತ್ರ 0.6000000000000001 ಎಂದಿತು, ಕೆಳಗಿನಿಂದ ಕೂಡಿಸಿದರೆ 0.6!

"ಯಂತ್ರ ಕೆಟ್ಟಿದೆಯಾ ಮಗಳೇ?" ಎಂದೆ.

"ಇಲ್ಲಪ್ಪ, ಅದು ಎಣಿಸುವ ರೀತಿಯೇ ಬೇರೆ" ಎಂದಳು.

ಒಂದನ್ನು ಮೂರರಿಂದ ಭಾಗಿಸಿದರೆ ನಮಗೆ 0.333 ಎಂದು ಮುಗಿಯದೆ ಸಾಗುತ್ತದಲ್ಲ, ಸೊನ್ನೆ ಮತ್ತು ಒಂದರಲ್ಲೇ ಎಣಿಸುವ ಯಂತ್ರಕ್ಕೆ ಹತ್ತರಲ್ಲೊಂದು ಭಾಗವೂ ಹಾಗೆಯೇ. ಎಲ್ಲಾದರೂ ನಿಲ್ಲಿಸಲೇಬೇಕು. ಎಲ್ಲಿ, ಹೇಗೆ ಎಂಬುದಕ್ಕೆ 1985ರಲ್ಲಿ ಐಇಇಇ 754 ಎಂಬ ನಿಯಮ ಬಂತು. ಅದರ ಹಿಂದೆ ವಿಲಿಯಂ ಕಹಾನ್ ಎಂಬ ಗಣಿತಜ್ಞರ ಶ್ರಮವಿದೆ.

ಆದರೆ ನಿಯಮ ಪಾಲಿಸಹೊರಟರೆ ಕೆಲವೊಮ್ಮೆ ವೇಗ ಕುಗ್ಗುತ್ತದೆ. ಅಂದಿನ ಇಂಟೆಲ್ ಚಿಪ್ಪುಗಳಲ್ಲಿ ಕಟ್ಟುನಿಟ್ಟಿನ ಲೆಕ್ಕ ನಿಧಾನವಾಗುತ್ತದೆಂದು 1998ರಲ್ಲಿ ಜಾವಾ ಭಾಷೆ ನಿಯಮವನ್ನು ಸಡಿಲಿಸಿತು. ಒಂದೇ ಲೆಕ್ಕಕ್ಕೆ ಎರಡು ಯಂತ್ರಗಳಲ್ಲಿ ಎರಡು ಉತ್ತರ ಬರಬಹುದಾಯಿತು. ಕಟ್ಟುನಿಟ್ಟು ಬೇಕಾದವರು ಹಾಗೆಂದು ಬರೆದು ಕೇಳಬೇಕಾಯಿತು. ಚಿಪ್ಪುಗಳು ಸುಧಾರಿಸಿದ ಮೇಲೆ, 2021ರಲ್ಲಿ ಹಳೆಯ ಶಿಸ್ತೇ ಮರಳಿತು.

ಕೊನೆಯ ಅಂಕಿಯಲ್ಲೇನಿದೆ ಎನ್ನಬೇಡಿ. ಕೆನಡಾದ ವ್ಯಾಂಕೂವರ್ ಶೇರುಪೇಟೆ 1982ರ ಜನವರಿಯಲ್ಲಿ ತನ್ನ ಸೂಚ್ಯಂಕವನ್ನು 1000ದಿಂದ ಆರಂಭಿಸಿತು. ದಿನಕ್ಕೆ ಸಾವಿರಾರು ಸಲ ಹೊಸ ಲೆಕ್ಕ. ಪ್ರತಿ ಸಲವೂ ಮೂರನೆಯ ದಶಮಾಂಶದ ಆಚೆಗಿನದನ್ನು ಹತ್ತಿರದ ಅಂಕಿಗೆ ಹೊಂದಿಸದೆ ಕತ್ತರಿಸಿಬಿಡುತ್ತಿದ್ದರು. 1983ರ ನವೆಂಬರಿಗೆ ಸೂಚ್ಯಂಕ 524ರ ಹತ್ತಿರಕ್ಕೆ ಇಳಿದಿತ್ತು. ಸರಿಪಡಿಸಿದಾಗ ಸಿಕ್ಕಿದ್ದು 1098! ಯಾರೂ ಕದ್ದಿರಲಿಲ್ಲ, ಚೂರುಚೂರಾಗಿ ಸೋರಿತ್ತು, ಅಷ್ಟೆ.

ಆದ್ದರಿಂದಲೇ ಹಣದ ಲೆಕ್ಕದಲ್ಲಿ ಪೈಸೆಯನ್ನೇ ಪೂರ್ಣಾಂಕವಾಗಿ ಎಣಿಸುವುದು, ಇಲ್ಲವೇ ಹತ್ತರ ಪದ್ಧತಿಯಲ್ಲೇ ಲೆಕ್ಕವಿಡುವುದು ರೂಢಿ. ಪರದೆಯ ಮೇಲೆ ಆಟದ ಚಿತ್ರ ಓಡಿಸುವವರಿಗೆ ವೇಗ ಮುಖ್ಯ, ಒಪ್ಪೋಣ. ಆದರೆ ಅಡಿಕೆ ಮಾರಿದ ದುಡ್ಡು ಕಟ್ಟುವ ಅಜ್ಜ, ಬೀಡಿ ಕಟ್ಟಿ ಕೂಡಿಟ್ಟ ಅಮ್ಮ ಪಾಸ್‌ಬುಕ್ಕಿನ ಕೊನೆಯ ಸಾಲನ್ನು ಬೆರಳಿಟ್ಟು ಓದುತ್ತಾರೆ. ತಡವಾಯಿತೆಂದು ಅವರು ಗೊಣಗಿದರೂ ನಾಳೆ ಮತ್ತೆ ಬರುತ್ತಾರೆ. ಲೆಕ್ಕ ತಪ್ಪಿದರೆ ನಂಬಿಕೆಯೇ ಹೋಗುತ್ತದೆ.

ಗಡಿನಾಡಿನಲ್ಲಿ ಎಣಿಕೆಗೆ ಸಣ್ಣವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಸಣ್ಣದೆಂದು ಬಿಟ್ಟುಬಿಡುವುದು ಸುಲಭ; ಬಿಟ್ಟದ್ದು ಒಟ್ಟು ಮೊತ್ತದಲ್ಲಿ ಕಾಣುವಾಗ ಬಹಳ ತಡವಾಗಿರುತ್ತದೆ.