ಪಾಲಿಗೆ ಬಾರದ ಪೆಟ್ಟಿಗೆ

ಕುಂಬಳೆಯಲ್ಲಿ ರೈಲಿನಿಂದಿಳಿದು ಬದಿಯಡ್ಕದ ಬಸ್ಸು ಹತ್ತಿದವರಿಗೆ ಕಡಲು ಬಹುಬೇಗ ಮರೆತುಹೋಗುತ್ತದೆ. ಸೀತಾಂಗೋಳಿಯ ಬಳಿ ರಸ್ತೆ ಮುರಕಲ್ಲಿನ ಬೋಳು ಗುಡ್ಡೆಗಳನ್ನು ಏರುತ್ತದೆ. ಮಳೆಗಾಲದಲ್ಲಿ ಹಸುರು ಹೊದ್ದುಕೊಳ್ಳುವ ಈ ಗುಡ್ಡೆಗಳು ಬೇಸಗೆಯ ಹೊತ್ತಿಗೆ ತುಕ್ಕು ಹಿಡಿದ ಕಬ್ಬಿಣದ ಬಣ್ಣಕ್ಕೆ ತಿರುಗಿರುತ್ತವೆ. ನೀರ್ಚಾಲನ್ನು ಹಿಂದೆ ಹಾಕಿ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೊರಳಿದರೆ ನೆಲ ತಗ್ಗುತ್ತದೆ, ತೋಡುಗಳು ಎದುರಾಗುತ್ತವೆ, ತೋಡಿನ ಇಕ್ಕೆಲಗಳಲ್ಲಿ ಅಡಿಕೆ ತೋಟ. ಹಳೆಯ ಮನೆಗಳು ರಸ್ತೆಯ ಬದಿಯಲ್ಲಿ ನಿಂತು ತಮ್ಮನ್ನು ತೋರಿಸಿಕೊಳ್ಳುವುದಿಲ್ಲ. ಕಾಲುದಾರಿ ಹಿಡಿದು, ಸಂಕ ದಾಟಿ, ಹಟ್ಟಿಯ ವಾಸನೆಯನ್ನು ಹಿಂಬಾಲಿಸಿದವರಿಗೆ ಮಾತ್ರ ಅಂಗಳ ಸಿಗುತ್ತದೆ.

ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಜಗಲಿ, ಚಾವಡಿ, ಕತ್ತಲೆಯ ಒಳಕೋಣೆ, ಅದರ ಮೇಲೆ ಅಟ್ಟ. ಹಂಚುಗಳ ಬೆನ್ನಿನಲ್ಲಿ ಕೆಲವೊಮ್ಮೆ 1865 ಎಂಬ ಅಂಕೆ ಕಾಣುತ್ತದೆ. ಅದನ್ನು ನೋಡಿ ಮನೆಗೆ ನೂರೈವತ್ತು ವರ್ಷ ತುಂಬಿತೆಂದು ಹೆಮ್ಮೆಪಡುವವರುಂಟು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ. ಹಂಚು ಬೆಂದ ವರ್ಷವಲ್ಲ. ಹಳೆಯ ಸಾಮಾನಿನ ವ್ಯಾಪಾರಿಗಳಿಗೆ ಈ ಗುಟ್ಟು ಗೊತ್ತಿದೆ. ಮಾರುವಾಗ ಮಾತ್ರ ಮರೆಯುತ್ತಾರೆ.

ಈ ಸೀಮೆಯ ಅನೇಕ ಮನೆಗಳು ಈಗ ಬರಿದಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಕೊಲ್ಲಿಯ ನಾಡುಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳಲ್ಲಿ ಕೊನೆಗೆ ಉಳಿದವರೂ ತೀರಿಕೊಂಡು, ವರ್ಷಾಂತದ ಕರ್ಮ ಮುಗಿದ ಮರುದಿನ, ಎಲ್ಲರೂ ಒಂದೆಡೆ ಸೇರಿರುವ ಅಪರೂಪದ ಹೊತ್ತಿನಲ್ಲಿ, ಜಗಲಿಯ ಮೇಲೆ ಆ ಮಾತು ಹುಟ್ಟುತ್ತದೆ: ಮನೆಯೊಳಗಿರುವುದನ್ನು ಏನು ಮಾಡುವುದು? ಪಶ್ಚಿಮದ ದೇಶಗಳಲ್ಲಿ ಇಂಥ ಮನೆಯ ಬಾಗಿಲನ್ನು ಊರಿಗೆಲ್ಲ ತೆರೆದು, ಬಟ್ಟಲಿಗೊಂದು ಮಣೆಗೊಂದು ಬೆಲೆಚೀಟಿ ಅಂಟಿಸಿ ಎರಡು ಮೂರು ದಿನಗಳಲ್ಲಿ ಮಾರಿ ಮುಗಿಸುವ ಕ್ರಮವಿದೆ. ಇಲ್ಲಿ ಹಾಗೆ ಮಾಡಿದರೆ ಮನೆತನದ ಮಾನ ಹೋಯಿತೆನ್ನುತ್ತಾರೆ. ಇಲ್ಲಿನ ಮಾರಾಟ ನಡೆಯುವುದು ಹಿತ್ತಿಲಿನಲ್ಲಿ, ಮುಂಜಾನೆ, ನೆರೆಮನೆಯವರು ಏಳುವ ಮೊದಲು.

ವಿಂಗಡಣೆಗೆ ಯಾರೂ ಬರೆದಿಡದ ಒಂದು ಕ್ರಮವಿದೆ. ಮೊದಲು ಚಿನ್ನ, ಅದು ಬಾಗಿಲು ಹಾಕಿಕೊಂಡು ನಡೆಯುವ ಮಾತು. ಆಮೇಲೆ ಬೆಳ್ಳಿಯ ಪೂಜಾ ಸಾಮಗ್ರಿ, ಆಮೇಲೆ ಹಲಸು ತೇಗುಗಳ ಪೀಠೋಪಕರಣ, ಆಮೇಲೆ ಹಿತ್ತಾಳೆ ತಾಮ್ರ. ಬಟ್ಟೆಗಳನ್ನು ಕೆಲಸದವರಿಗೆ ಕೊಡುತ್ತಾರೆ. ಕನ್ನಡಕ, ಊರುಗೋಲು, ಅಡಕತ್ತರಿ, ಎಲೆಯ ಹರಿವಾಣ — ಇವನ್ನು ಯಾರೂ ಕೇಳುವುದಿಲ್ಲ, ಎಸೆಯುವ ಧೈರ್ಯವೂ ಯಾರಿಗೂ ಇರುವುದಿಲ್ಲ. ವರ್ಷಾನುಗಟ್ಟಲೆ ಕಿಟಕಿಯ ದಂಡೆಯ ಮೇಲೆಯೇ ಇರುತ್ತವೆ. ಎಲ್ಲಕ್ಕಿಂತ ಕೊನೆಯದು ಕಾಗದ.

ಕಾನೂನು ಆಸ್ತಿಯನ್ನು ಸ್ಥಿರ ಮತ್ತು ಚರ ಎಂದು ಎರಡಾಗಿ ಕಾಣುತ್ತದೆ. ಜಾಗ ಮನೆಗಳ ಪಾಲುಪತ್ರವನ್ನು ಬರೆದರೆ 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕು. ಮುದ್ರಾಂಕ ಬೇಕು, ಸರ್ವೆ ನಂಬರು ಬೇಕು, ನಾಲ್ಕು ಗಡಿಗಳ ವಿವರ ಬೇಕು. ಚರಸ್ವತ್ತಿಗೆ ಇದಾವುದೂ ಬೇಡ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದರೆ ಮುಗಿಯಿತು. ಅಂಗಳದ ಮೂಲೆಯ ಹತ್ತು ಸೆಂಟ್ಸು ಜಾಗ ಯಾರದೆಂಬುದಕ್ಕೆ ಸರಕಾರದಲ್ಲಿ ದಾಖಲೆಯಿರುತ್ತದೆ. ಮೂರು ತಲೆಮಾರಿಗೆ ಅನ್ನ ಬೇಯಿಸಿದ ಕೊಪ್ಪರಿಗೆಗೆ ಇರುವ ದಾಖಲೆಯೆಂದರೆ ಅದರ ಕಂಠದಲ್ಲಿ ಉಳಿಮೊನೆಯಿಂದ ಚುಚ್ಚಿ ಬರೆದ ಕನ್ನಡದ ನಾಲ್ಕಕ್ಷರ. ಮದುವೆ ಮುಂಜಿಗಳಿಗೆ, ಊರಿನ ಮಾತಿನಲ್ಲಿ ಹೇಳುವುದಾದರೆ ಜೆಂಬರಗಳಿಗೆ, ಒಂದು ಮನೆಯ ಪಾತ್ರೆ ಇನ್ನೊಂದು ಮನೆಗೆ ಹೋಗಿ ಬರುತ್ತಿದ್ದ ಕಾಲದಲ್ಲಿ ಆ ಅಕ್ಷರಗಳಿಗೆ ಕೆಲಸವಿತ್ತು. ತಕ್ಕಡಿಯಲ್ಲಿ ಅವಕ್ಕೆ ತೂಕವಿಲ್ಲ.

ಅಮ್ಮನ ಚಿನ್ನ ಹೆಣ್ಣುಮಕ್ಕಳಿಗೆ ಎಂಬ ಮಾತು ಮನೆಮನೆಗಳಲ್ಲಿ ಕೇಳಿಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಾಗೆ ಹೇಳುವುದಿಲ್ಲ. ಮರಣಶಾಸನ ಬರೆಯದೆ ತೀರಿಕೊಂಡ ಸ್ತ್ರೀಯ ಸ್ವತ್ತು ಗಂಡು ಹೆಣ್ಣು ಮಕ್ಕಳಿಗೂ, ಇದ್ದರೆ ಗಂಡನಿಗೂ ಸಮನಾಗಿ ಸಲ್ಲುತ್ತದೆ. ಒಡಹುಟ್ಟಿದವರು ಪ್ರೀತಿಯಿಂದಿರುವವರೆಗೆ ರೂಢಿ ನಡೆಯುತ್ತದೆ. ಪ್ರೀತಿ ಕೆಟ್ಟ ದಿನ ಕಾಯಿದೆ ನೆನಪಾಗುತ್ತದೆ. ವ್ಯಾಜ್ಯ ಬೆಳೆದರೆ ನ್ಯಾಯಾಲಯ ಕಮಿಷನರರನ್ನು ನೇಮಿಸುತ್ತದೆ. ಅವರು ಬಂದು ಒಳಕೋಣೆಯಲ್ಲಿ ನಿಂತು ತಂಬಿಗೆ, ಸೌಟು, ಕಾಲುದೀಪಗಳ ಪಟ್ಟಿ ಬರೆದುಕೊಳ್ಳುತ್ತಾರೆ. ತಾಯಿ ಹೊರಗಿನವರಿಗೆ ಎಂದೂ ತೋರಿಸದಿದ್ದ ಕಪಾಟಿನ ಒಳಗು ಹೀಗೆ ನ್ಯಾಯಾಲಯದ ಕಡತವನ್ನು ಸೇರುತ್ತದೆ.

ಪೆರ್ಲದ ಕಡೆಯ ಒಂದು ಮನೆಯಲ್ಲಿ ಅಂಥ ವ್ಯಾಜ್ಯವೇನೂ ಇರಲಿಲ್ಲ. ನಾಲ್ವರು ಮಕ್ಕಳು, ತಂದೆ ಮೊದಲೇ ತೀರಿದ್ದರು, ತಾಯಿಯ ವರ್ಷಾಂತ ಆಗಷ್ಟೇ ಮುಗಿದಿತ್ತು. ತೋಟವನ್ನು ಊರಿನಲ್ಲಿರುವ ಕಿರಿಯ ಮಗ ನೋಡಿಕೊಳ್ಳುವುದೆಂದೂ, ಮನೆ ಸೋರುವುದರಿಂದ ಕೆಡವುವುದೆಂದೂ ತೀರ್ಮಾನವಾಗಿತ್ತು. ಚಿನ್ನದ ಪಾಲು ಶಾಂತವಾಗಿಯೇ ನಡೆಯಿತು. ದೊಡ್ಡ ಪಾತ್ರೆಗಳು ಯಾರ ಫ್ಲ್ಯಾಟಿನ ಬಾಗಿಲಲ್ಲೂ ಹಿಡಿಯುವಂಥವಲ್ಲ. ಟೆಂಪೊ ಬಂತು, ಹಲಸಿನ ಕೊಂಬೆಗೆ ತಕ್ಕಡಿ ತೂಗಿತು, ಕೊಪ್ಪರಿಗೆ, ಹಂಡೆ, ಕಡಾಯಿ, ಕಾಲುದೀಪ ಕಿಲೋ ಲೆಕ್ಕದಲ್ಲಿ ಹೋದವು. ಹಣವನ್ನು ನಾಲ್ಕು ಭಾಗ ಮಾಡಿದರು. ಅಟ್ಟದಿಂದಿಳಿಸಿದ ತಗಡಿನ ಪೆಟ್ಟಿಗೆಯೊಂದು ಮಾತ್ರ ಉಳಿಯಿತು. ರದ್ದಿಯವನು ನಾಳೆ ಬರುತ್ತೇನೆಂದಿದ್ದ.

ಪೆಟ್ಟಿಗೆಯ ತಳಕ್ಕೆ ಹಾಸಿದ್ದು ಮಂಗಳೂರಿನ ಹಳೆಯ ಪತ್ರಿಕೆ, ಮಹಾಜನ ಆಯೋಗದ ವರದಿ ಬಂದ 1967ರ ಕಾಲದ್ದು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕನ್ನಡನಾಡಿಗೆ ಸೇರಬೇಕೆಂದು ಆ ವರದಿ ಹೇಳಿದಾಗ ಈ ಚಾವಡಿಯಲ್ಲಿ ಎಷ್ಟು ಮಾತು ನಡೆದಿತ್ತೋ! ಈಗ ಅದರ ಮೇಲೆ ಜಿರಲೆಯ ಮೊಟ್ಟೆ. ಅದರ ಮೇಲಿದ್ದುದು ಮದ್ರಾಸು ಆಡಳಿತದ ಕಾಲದ, ದಕ್ಷಿಣ ಕನ್ನಡ ಜಿಲ್ಲೆಯ ಮುದ್ರೆಯ ಕನ್ನಡ ದಸ್ತಾವೇಜುಗಳು: ಮೂಲಗೇಣಿ, ಚಾಲಗೇಣಿ ಚೀಟುಗಳು, ತೀರ್ವೆಯ ರಶೀದಿಗಳು. ಕೇರಳ ಭೂಸುಧಾರಣೆಯಂತೆ 1970ರ ಜನವರಿ 1ರಂದು ಗೇಣಿಯ ಜಮೀನುಗಳ ಒಡೆತನ ಸರಕಾರಕ್ಕೆ ಸೇರಿ, ಒಕ್ಕಲುಗಳಿಗೆ ಹಕ್ಕುಪತ್ರದ ದಾರಿ ತೆರೆದ ಮೇಲೆ ಆ ಚೀಟುಗಳಿಂದ ಗೇಣಿ ವಸೂಲು ಮಾಡುವಂತಿಲ್ಲ. ಜೊತೆಗೆ ಉಡುಪಿಯಲ್ಲಿ ಅಚ್ಚಾದ ಯಕ್ಷಗಾನ ಪ್ರಸಂಗಗಳು, ಕೈಬರೆಹದ ಪ್ರತಿಗಳು, ಕಟ್ಟು ಹಾಕಿದ ಲೆಕ್ಕದ ಪುಸ್ತಕಗಳು.

ನಾಲ್ವರಿಗೂ ಕನ್ನಡ ಓದಲು ಬರುತ್ತಿತ್ತು. ನಾಲ್ವರೂ ಊರಿನ ಕನ್ನಡ ಶಾಲೆಯಲ್ಲೇ ಕಲಿತವರು. ಬಿಡುವಿರಲಿಲ್ಲ. ಅವರ ಮಕ್ಕಳಲ್ಲಿ ಓದಬಲ್ಲವಳು ಒಬ್ಬಳೇ, ಕಿರಿಯ ಮಗನ ಮಗಳು, ಕನ್ನಡ ಮಾಧ್ಯಮದ ಏಳನೆಯ ತರಗತಿಯವಳು. ಉಳಿದ ಮೊಮ್ಮಕ್ಕಳು ಮನೆಯಲ್ಲಿ ಕನ್ನಡವಾಡುತ್ತಾರೆ, ಅಕ್ಷರ ಬಲ್ಲವರಲ್ಲ. ಹೊತ್ತು ಹೋಗದೆ ಅವಳು ಲೆಕ್ಕದ ಪುಸ್ತಕಗಳನ್ನು ಬಿಡಿಸಿಕೊಂಡು ಕುಳಿತಳು. ಅಡಿಕೆಯ ಧಾರಣೆ, ಆಳುಗಳ ಪಡಿ, ಮೇಳದವರಿಗೆ ಕೊಟ್ಟ ಅಕ್ಕಿ — ಎಲ್ಲ ಅಜ್ಜನ ಓರೆ ಅಕ್ಷರದಲ್ಲಿ. ಕೊನೆಯ ಪುಸ್ತಕದ ಅರ್ಧದಿಂದಾಚೆಗೆ ಬರೆಹ ಬದಲಾಗಿತ್ತು. ಅದು ಅಜ್ಜಿಯದು: ಉರುಟಾದ, ಒಂದೊಂದೇ ಅಕ್ಷರವನ್ನು ನಿಲ್ಲಿಸಿ ಬರೆದದ್ದು. ಯಾವ ಮನೆಯ ಜೆಂಬರಕ್ಕೆ ಯಾವ ಪಾತ್ರೆ ಹೋಯಿತು, ಮರಳಿತೇ ಇಲ್ಲವೇ ಎಂಬ ಪಟ್ಟಿ. ಅದರ ಕೆಳಗೆ ಮತ್ತೊಂದು ಪಟ್ಟಿ. ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು: ಕಾಲುದೀಪ ದೊಡ್ಡ ಮಗಳಿಗೆ, ಗಿಂಡಿ ಎರಡನೆಯವನಿಗೆ, ದೊಡ್ಡ ಕೊಪ್ಪರಿಗೆ ಊರಿನಲ್ಲಿರುವವನಿಗೆ, ಮಾರಬಾರದು.

ಸಹಿಯಿಲ್ಲ, ತಾರೀಕಿಲ್ಲ, ಸಾಕ್ಷಿಗಳಿಲ್ಲ. ಮರಣಶಾಸನವೆನಿಸಲು 1925ರ ಉತ್ತರಾಧಿಕಾರ ಕಾಯಿದೆಯಂತೆ ಬರೆದವರ ಸಹಿ ಬೇಕು, ಇಬ್ಬರು ಸಾಕ್ಷಿಗಳು ಬೇಕು. ಆ ಹಾಳೆಯಿಂದ ಯಾರಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ಆದರೂ ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಂಜೆ ಕಿರಿಯ ಮಗ ಬೈಕು ಹತ್ತಿ ಕುಂಬಳೆಗೆ ಹೋದ. ಕಾಲುದೀಪ ಬೇರೆ ಕೈ ದಾಟಿಯಾಗಿತ್ತು. ಕೊಪ್ಪರಿಗೆ ಸಿಕ್ಕಿತು, ಬೆಳಿಗ್ಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ದರಕ್ಕೆ. ವ್ಯಾಪಾರಿಯನ್ನು ದೂರುವಂತಿಲ್ಲ, ಮುಖ ನೋಡಿ ಬೆಲೆ ಹೇಳುವುದು ಅವನ ವೃತ್ತಿ.

ಆ ದೀಪ ಎಲ್ಲಿಗೆ ಹೋಯಿತೆಂದು ಹೇಳಲಾಗದು. ಕೇರಳದ ಹಳೆಯ ಮನೆಗಳ ಹಿತ್ತಾಳೆ, ಕೆತ್ತನೆಯ ಬಾಗಿಲು, ಪತ್ತಾಯಗಳು ಕೊನೆಗೆ ಸೇರುವ ದೊಡ್ಡ ಪೇಟೆಗಳಲ್ಲೊಂದು ಕೊಚ್ಚಿಯ ಮಟ್ಟಾಂಚೇರಿ. ಅಲ್ಲಿ ಯೆಹೂದ್ಯರ ಬೀದಿಯ ಅಂಗಡಿಗಳಲ್ಲಿ ಬೇರೆ ಬೇರೆ ಮನೆಗಳ ಪಾತ್ರೆಗಳು ಒಂದರ ಮೇಲೊಂದು ಪೇರಿಸಿರುತ್ತವೆ. ಉಜ್ಜಿ ಹೊಳಪು ತಂದ ಮೇಲೆ ಯಾವ ಮನೆಯದೆಂದು ತಿಳಿಯುವುದು ಕಷ್ಟ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ಕಟ್ಟಿಸಿದರು. ಕಂಬ ಬಾಗಿಲುಗಳಿಗೆ ಅಂಥ ಭಾಗ್ಯ ಒದಗಬಹುದು. ತಗಡಿನ ಪೆಟ್ಟಿಗೆಯ ಕಾಗದಗಳನ್ನು ಕೇಳುವವರು ಕಡಿಮೆ.

ಆದರೆ ಬೆಲೆಯ ಮಾತಿಗೆ ಬಂದರೆ, ಆ ಕಾಗದಗಳು ಅಷ್ಟೊಂದು ಬಡವಲ್ಲ. ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ, 75 ವರ್ಷ ದಾಟಿದ ಹಸ್ತಪ್ರತಿಯನ್ನು 1972ರ ಪುರಾತನ ವಸ್ತುಗಳ ಕಾಯಿದೆ ಪುರಾತನ ವಸ್ತುವೆಂದೇ ಎಣಿಸುತ್ತದೆ. ಪಾತ್ರೆಗಾದರೆ 100 ವರ್ಷ ಆಗಬೇಕು. ಜಾಗದ ಗಡಿ ತಕರಾರು ಬಂದಾಗ ಹಳೆಯ ಗೇಣಿಚೀಟಿಯಲ್ಲಿರುವ ತೋಡಿನ ಹೆಸರೊಂದು ಕೆಲಸಕ್ಕೆ ಬಂದೀತು. ಅದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. 30 ವರ್ಷ ಹಳೆಯದಾದ ದಸ್ತಾವೇಜು ಯುಕ್ತ ಸುಪರ್ದಿಯಿಂದ, ಎಂದರೆ ಸಹಜವಾಗಿ ಇರಬೇಕಾದವರ ಬಳಿಯಿಂದ, ಹಾಜರಾದರೆ ಅದರ ಸಹಿ ಬರೆಹಗಳು ನಿಜವೆಂದು ನ್ಯಾಯಾಲಯ ಭಾವಿಸಬಹುದು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ಮಾತು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಮನೆಯ ಅಟ್ಟದಲ್ಲಿದ್ದಾಗ ಆ ಕಾಗದದ ಮಾತು ನಡೆಯುತ್ತದೆ. ರದ್ದಿ ಅಂಗಡಿಯಿಂದ ಆಯ್ದು ತಂದರೆ ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾಗುತ್ತದೆ. ನೂರು ರೂಪಾಯಿಗೆ ಮಾರುವಾಗ ಈ ಬಲವನ್ನೂ ಜೊತೆಗೆ ಮಾರಿದಂತಾಗುತ್ತದೆಂದು ಅನೇಕರು ಯೋಚಿಸುವುದಿಲ್ಲ.

ಇದೇ ಜಿಲ್ಲೆಯ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಬಾಳಿದ ಮನೆಯಿದೆ. 1963ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಗ್ರಂಥಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿತು, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮನೆ ಇಲ್ಲಿ, ಪುಸ್ತಕಗಳು ಅಲ್ಲಿ. ನಡುವೆ ರಾಜ್ಯದ ಗಡಿಯಿದೆ. ಅದರಿಂದ ವ್ಯಥೆಪಡುವವರಿದ್ದಾರೆ; ಆದರೆ ಓದುವವರ ಕೈಗೆ ಒಟ್ಟಾಗಿ ಹೋದ ಪುಸ್ತಕಗಳು ಹಂಚಿಹೋಗಲಿಲ್ಲ ಎಂಬುದು ದೊಡ್ಡದು. ಕವಿಗಳ ಮನೆಗೆ ಸಲ್ಲುವ ಈ ಗೌರವ ಕೃಷಿಕರ ಅಟ್ಟಕ್ಕೆ ಬಂದೀತೆಂದು ಕಾಯುವಂತಿಲ್ಲ. ಯಕ್ಷಗಾನದ ಕೈಬರೆಹದ ಪ್ರತಿಗಳಿದ್ದರೆ ಅಂಥ ಕೇಂದ್ರಗಳಿಗೆ ತೋರಿಸಬಹುದು. ಗೇಣಿಚೀಟುಗಳನ್ನು ಫೋಟೊ ತೆಗೆದು ಮೂಲವನ್ನು ಮನೆಯಲ್ಲೇ ಒಣಗಿದ ಜಾಗದಲ್ಲಿಡಬಹುದು. ತೂಕಕ್ಕೆ ಹಾಕುವ ಮೊದಲು, ಅಕ್ಷರ ಬಲ್ಲ ಮಕ್ಕಳಿಗೆ ಒಂದು ಮಧ್ಯಾಹ್ನ ಪೆಟ್ಟಿಗೆಯ ಬೀಗದ ಕೈ ಕೊಡಬಹುದು.

ಪೆರ್ಲದ ಆ ಮನೆ ಈಗಿಲ್ಲ. ಹಂಚುಗಳನ್ನು ಯಾವುದೋ ರೆಸಾರ್ಟಿನವರು ಕೊಂಡರು. ಕೊಪ್ಪರಿಗೆ ಹೊಸ ಮನೆಯ ಹಿಂಬದಿಯಲ್ಲಿ ಬೋರಲು ಬಿದ್ದಿದೆ. ಕಳೆದ ಚೈತ್ರದಲ್ಲಿ ನೆರೆಮನೆಯ ಉಪನಯನಕ್ಕೆ ಹೋಗಿ ಬಂತು. ಹೋದದ್ದನ್ನೂ ಬಂದದ್ದನ್ನೂ ಹುಡುಗಿ ಅಜ್ಜಿಯ ಪಟ್ಟಿಯ ಕೆಳಗೆ ಬರೆದಿಟ್ಟಿದ್ದಾಳೆ.