ಬೂದಿಗುಂಟೆಯ ಚೆಕ್ಕುಬಂದಿ

ಭಾವಮೈದನಿಗೆ ಮೂವತ್ತು-ನಲವತ್ತರ ಒಂದು ಸೈಟು ಬೇಕಿತ್ತು. ನನಗೆ ಆ ಭಾನುವಾರ ಬೇರೆ ಕೆಲಸವಿರಲಿಲ್ಲ. ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ ನೋಡಿದ್ದು ಹೀಗೆ.

ಬೆಂಗಳೂರಿನಿಂದ ದೊಡ್ಡಬಳ್ಳಾಪುರ ಸುಮಾರು 40 ಕಿಲೋಮೀಟರ್. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದಾಗಲೇ ಈ ಕಡೆಯ ನೆಲದ ಬೆಲೆ ಮೇಲೆದ್ದಿತ್ತು. ದಾಬಸ್‌ಪೇಟೆಯಿಂದ ಹೊಸಕೋಟೆಗೆ ಸ್ಯಾಟಲೈಟ್ ರಿಂಗ್ ರಸ್ತೆ ಬಂದ ಮೇಲೆ ಅದು ಕೈಗೇ ಸಿಗುತ್ತಿಲ್ಲ. ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂಬ 2020ರ ತಿದ್ದುಪಡಿ ಬೇರೆ. ದಾರಿಯುದ್ದಕ್ಕೂ ರಾಗಿ ಹೊಲಗಳ ನಡುವೆ ಸುಣ್ಣ ಬಳಿದ ಸೈಟುಗಲ್ಲುಗಳು, ಹಲ್ಲು ಮೂಡಿದಂತೆ.

ನಮಗಾಗಿ ಕಾದಿದ್ದ ಬ್ರೋಕರ್ ಇದೇ ಸೀಮೆಯವರು. ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವಂತೆ, ರೇಷ್ಮೆ ಸೀರೆ ನೇಯುತ್ತಿದ್ದರಂತೆ. ಮಗ್ಗ ನಿಂತಿತು, ಸ್ಕೂಟರ್ ಹೊರಟಿತು. ಸ್ಕೂಟರಿನ ಡಿಕ್ಕಿಯಲ್ಲಿ ಪಹಣಿಗಳ ಕಟ್ಟು, ಮಡಿಸಿ ಮಡಿಸಿ ಸವೆದ ಗ್ರಾಮ ನಕಾಶೆ. ನಿಜ ಹೇಳಬೇಕೆಂದರೆ, ಈ ಕಸುಬಿನವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಹಿಂದೊಮ್ಮೆ ಬೇರೊಂದು ಕಡೆ ನನ್ನ ಗೆಳೆಯನಿಗೆ ರೆವಿನ್ಯೂ ಸೈಟು ಕೊಡಿಸಿದ ಒಬ್ಬ ಪುಣ್ಯಾತ್ಮ ಆಮೇಲೆ ಫೋನೇ ಎತ್ತಲಿಲ್ಲ; ಖಾತೆ ಇವತ್ತಿಗೂ ಆಗಿಲ್ಲ.

ಮೊದಲ ಲೇಔಟಿನಲ್ಲಿ ಭಾವಮೈದನಿಗೆ ಮೂಲೆಯ ಸೈಟೊಂದು ತುಂಬ ಹಿಡಿಸಿತು. ಪೂರ್ವದ ಬಾಗಿಲು, ಎರಡು ಕಡೆ ರಸ್ತೆ. ಬ್ರೋಕರ್ ತಲೆ ಅಲ್ಲಾಡಿಸಿದರು.

"ಇದು ಬ್ಯಾಡ ಸಾರ್. ಇಲ್ಲಿ ಹಳ್ಳ ಐತೆ."

ನಾವು ಸುತ್ತ ನೋಡಿದೆವು. ಹಳ್ಳದ ಸುಳಿವೇ ಇಲ್ಲ. ಸಮತಟ್ಟು ಮಣ್ಣು, ಒಂದಿಷ್ಟು ಪಾರ್ಥೇನಿಯಂ. ಅವರು ಸ್ಕೂಟರಿನ ಸೀಟಿನ ಮೇಲೆ ನಕಾಶೆ ಹರಡಿ ಬೆರಳಿಟ್ಟರು. ಎರಡು ಸಪೂರ ಗೆರೆಗಳು ಜೋಡಿಯಾಗಿ ಹಾವಿನಂತೆ ಹೊರಟು ಕೆರೆಯ ಕಡೆಗೆ ಇಳಿದಿದ್ದವು. ದಾಖಲೆಯಲ್ಲಿ ಅದು ಬಿ ಖರಾಬು. ಎ ಖರಾಬಾದರೆ ಹಿಡುವಳಿದಾರನ ಜಮೀನಿನಲ್ಲೇ ಇರುವ ಉಳಲಾಗದ ನೆಲ. ಬಿ ಖರಾಬೆಂದರೆ ದಾರಿ, ಹಳ್ಳ, ಕಾಲುವೆ, ಊರಿಗೆಲ್ಲ ಸೇರಿದ್ದು. "ಹತ್ತು ವರ್ಷ ನೀರು ಬರ್ದೆ ಇರಬಹುದು ಸಾರ್. ಹನ್ನೊಂದನೇ ವರ್ಷ ನಿಮ್ಮ ಹಾಲ್‌ಗೆ ಬತ್ತದೆ."

ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಅರ್ಕಾವತಿಯ ಸೀಮೆ ಇದು. ನದಿ ಎಂದರೆ ಇಲ್ಲಿ ಒಂದು ಕೆರೆಯ ಕೋಡಿ ಹರಿದು ಇನ್ನೊಂದು ಕೆರೆ ತುಂಬುವ ಸರಪಳಿ. 1890ರ ದಶಕದಲ್ಲಿ ಬೆಂಗಳೂರಿನ ನಲ್ಲಿಗಳಿಗೆ ನೀರು ಕಳಿಸಿದ ಹೆಸರಘಟ್ಟ ಈ ಸರಪಳಿಯ ಕೆಳಗಿನ ಕೊಂಡಿ. ಮೇಲೆ ಒಂದು ಹಳ್ಳದ ಮೇಲೆ ಮನೆ ಕಟ್ಟಿದರೆ ಕೆಳಗೆ ಎಲ್ಲೋ ಒಂದು ಕೆರೆ ಒಣಗುತ್ತದೆ. ಇದನ್ನು ನಾನು ವರದಿಗಳಲ್ಲಿ ಓದಿದ್ದೆ. ಮಾರಲು ಬಂದವರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ಆಮೇಲೆ ಅವರ ಮಾತು ಸಡಿಲವಾಯಿತು. ಜಮೀನು ಕೊಡಲು ಬರುವ ರೈತರಿಗೆ, ಪೂರ್ತಿ ಕೊಡಬೇಡ್ರಪ್ಪ, ಬಾವಿ ಪಕ್ಕದ ಹತ್ತು ಗುಂಟೆನಾದ್ರೂ ಇಟ್ಕೊಳ್ಳಿ ಎನ್ನುತ್ತಾರಂತೆ. 2016ರ ರೇರಾ ಕಾಯ್ದೆ ಬಂದ ಮೇಲೆ 500 ಚದರ ಮೀಟರ್ ಮೀರಿದ ಲೇಔಟು ನೋಂದಣಿಯಾಗಬೇಕು. ಅದರಲ್ಲಿ ಸೈಟು ಕೊಡಿಸುವ ಏಜೆಂಟೂ ಹೆಸರು ಬರೆಸಿಕೊಳ್ಳಬೇಕು. ಅದರಿಂದ ಅರ್ಧ ಜನ ಕಸುಬು ಬಿಟ್ಟರು ಎಂದು ನಕ್ಕರು. ಪಾರ್ಕಿಗೆ ತೋರಿಸಿದ ಜಾಗದಲ್ಲಿ ಪಾರ್ಕೇ ಆಗಬೇಕು ಎಂದು ಲೇಔಟಿನವರ ಹತ್ತಿರ ಜಗಳವಾಡುವುದೂ ಉಂಟು. "ಅವರು ಮಾರಿ ಹೋಯ್ತಾರೆ ಸಾರ್. ನಾನು ನಾಳೆನೂ ಇದೇ ಟೀ ಅಂಗಡಿಗೆ ಬರ್ಬೇಕಲ್ಲ."

ಈ ಕೊನೆಯ ಮಾತು ನನಗೆ ಯಾವ ಕಾಯ್ದೆಗಿಂತಲೂ ಗಟ್ಟಿ ಎನಿಸಿತು.

ರಾಜಘಟ್ಟದ ಆಂಜನೇಯನಿಗೆ ಕೈಮುಗಿದ ಮೇಲೆ, ಕೇಳದಿದ್ದರೂ, ಅವರೇ ನಮ್ಮನ್ನು ಬೂದಿಗುಂಟೆ ಎಂಬ ಜಾಗಕ್ಕೆ ಕರೆದೊಯ್ದರು. ನೋಡಲು ಏನೂ ಇಲ್ಲ: ಹುಲ್ಲು, ಬೂದುಬಣ್ಣದ ಮಣ್ಣು. ಆದರೆ 2001ರಲ್ಲಿ, ಮತ್ತೆ 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್. ಕೃಷ್ಣಮೂರ್ತಿಯವರ ತಂಡ ಇಲ್ಲಿ ಅಗೆದಾಗ ಬೌದ್ಧರ ಇಟ್ಟಿಗೆಯ ಚೈತ್ಯ, ವಿಹಾರದ ತಳಪಾಯ ಸಿಕ್ಕವು. ಜೊತೆಗೆ ರಾಶಿ ರಾಶಿ ಪುಟ್ಟ ಸ್ತೂಪಗಳು, ಹಸಿಮಣ್ಣಿನವು. ಅವುಗಳ ಹೊಟ್ಟೆಯೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳು. ಹರಕೆ ಹೊತ್ತು ಬಂದವರು ಮಾಡಿಟ್ಟು ಹೋದವು.

ನನ್ನ ಮೈ ಜುಮ್ಮೆಂದಿತು. ಗಂಗರ ಕಾಲದಲ್ಲೂ ಜನ ಇಲ್ಲಿಗೆ ತಮ್ಮದೊಂದು ಚಿಕ್ಕ ಕಟ್ಟಡ ಇಟ್ಟು ಹೋಗಲೆಂದೇ ಬರುತ್ತಿದ್ದರು! ಅಂಗೈಯಗಲದ ಜಾಗ ಸಾಕಾಗಿತ್ತು ಅವರಿಗೆ, ಅಷ್ಟೇ ವ್ಯತ್ಯಾಸ.

ಅವರಿಗೆ ಜಾಗ ಕೊಟ್ಟವರೂ ಇದ್ದರು. ಗಂಗರ ತಡಂಗಾಲ ಮಾಧವ ಬೌದ್ಧರಿಗೆ ಭೂಮಿ ಬಿಟ್ಟ ತಾಮ್ರಶಾಸನ ಇದೇ ತಾಲ್ಲೂಕಿನ ಮೇಳೆಕೋಟೆಯಲ್ಲಿ ಸಿಕ್ಕಿದೆ. ಹಳೆಯ ದಾನಶಾಸನಗಳನ್ನು ಓದುವಾಗ ನನಗೆ ಸದಾ ಸೋಜಿಗ ಹುಟ್ಟಿಸುವುದು ರಾಜರ ಬಿರುದುಗಳಲ್ಲ, ಎಲ್ಲೆ ಹೇಳುವ ಭಾಗ. ಮೂಡಲಿಗೆ ಹುತ್ತ, ತೆಂಕಲಿಗೆ ಹುಣಸೆಮರ, ಪಡುವಲಿಗೆ ಹಳ್ಳ ಎಂಬಂಥ ವಿವರ. ಯಾರೋ ಒಬ್ಬ ಊರಿನವನು ಕಾಲಿನಲ್ಲಿ ನಡೆದು ತೋರಿಸದೆ ಯಾವ ಕರಣಿಕನೂ ಅದನ್ನು ಬರೆಯಲಾರ. ಇವತ್ತಿನ ಕ್ರಯಪತ್ರದ ಕೊನೆಯಲ್ಲಿ ಬರುವ ಚೆಕ್ಕುಬಂದಿಯೂ ಅದೇ. ಹುತ್ತದ ಜಾಗದಲ್ಲಿ ಸೈಟ್ ನಂಬರ್ ಬಂದಿದೆ. ಆ ನಡೆದು ತೋರಿಸಿದವನ ಹೆಸರು ಶಾಸನದಲ್ಲಿ ಉಳಿಯುವುದಿಲ್ಲ. ಅವನ ವಂಶಸ್ಥ ಈಗ ನನ್ನ ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದಾರೆ ಅನ್ನಿಸಿತು.

"ಇದೆಷ್ಟು ಗುಂಟೆ ಬರುತ್ತೆ?" ಎಂದ ಭಾವಮೈದ. ಚಾಳಿ. ಅವರು ಉತ್ತರಿಸಲಿಲ್ಲ. ಬಗ್ಗಿ ಇಟ್ಟಿಗೆಯ ಒಂದು ಚೂರು ಎತ್ತಿ, ತಿರುಗಿಸಿ ನೋಡಿ, ಎತ್ತಿದ ಜಾಗದಲ್ಲೇ ಇಟ್ಟು ಮೇಲೆ ಮಣ್ಣು ಎಳೆದರು. ಅಷ್ಟರಲ್ಲಿ ಫೋನು ಬಂತು. ಇನ್ನೊಬ್ಬ ಗಿರಾಕಿ.

"ಹಾ ಹೇಳಿ ಮೇಡಂ... ಕೆರೆ ಪಕ್ಕದ್ದಾ? ದುಡ್ಡು ಆಮೇಲೆ ಕೊಡೋರಂತೆ, ಮೊದ್ಲು ಮಳೆ ಬಿದ್ದಾಗ ಒಂದ್ಸಲ ಬಂದು ನೋಡಿ."