ಬಣ್ಣ ಹೇಳದ ಮಾತು

ಸಟಾಣಾದಂಥ ಊರಿನ ರಿಪೇರಿ ಅಂಗಡಿಗೆ ಅಜ್ಜನ ಕಾಲದ ವಾಲ್ವ್ ರೇಡಿಯೋ ಬಂದರೆ, ಒಳಗಿನ ಕೆಲವು ರೆಸಿಸ್ಟರುಗಳಿಗೆ ಪಟ್ಟೆಗಳೇ ಇರುವುದಿಲ್ಲ. ಮೈಬಣ್ಣ ಮೊದಲ ಅಂಕಿ, ತುದಿಯ ಬಣ್ಣ ಎರಡನೆಯದು, ನಡುವಿನ ಚುಕ್ಕಿ ಸೊನ್ನೆಗಳ ಲೆಕ್ಕ. ಹಳದಿ ಮೈ, ನೇರಳೆ ತುದಿ, ಕಿತ್ತಳೆ ಚುಕ್ಕಿ ಎಂದರೆ 47,000 ಓಮ್. ಕಾವಿಗೆ ಮಾಸಿದ ಕಿತ್ತಳೆ ಕೆಂಪಾಗಿ ಕಂಡರೆ 4,700.

ಎಷ್ಟು ವ್ಯಾಟ್ ತಾಳುತ್ತದೆಂದು ಬಣ್ಣ ಹೇಳುವುದಿಲ್ಲ. ಅದನ್ನು ಗಾತ್ರದಿಂದಲೇ ಊಹಿಸಬೇಕು. 100 ವೋಲ್ಟಿಗೆ 47,000 ಓಮ್ ಸುಮಾರು 0.2 ವ್ಯಾಟ್ ಕಾಯುತ್ತದೆ. ತಪ್ಪೋದಿ ಹಾಕಿದ 4,700 ಎರಡು ವ್ಯಾಟ್ ದಾಟುತ್ತದೆ. ಅರ್ಧ ವ್ಯಾಟಿನ ತುಣುಕಾದರೆ ಕರಕಲೇ.

ಮೀಟರ್ ಹಿಡಿದರೂ ಸಾಲದು: ಹಳೆಯ ಕಾರ್ಬನ್ ರೆಸಿಸ್ಟರು ವರ್ಷ ಕಳೆದಂತೆ ತನ್ನ ಓಮ್ ಏರಿಸಿಕೊಂಡಿರುತ್ತದೆ. ಹಾಗಾಗಿ ಬಲ್ಲ ಮೆಕ್ಯಾನಿಕ್ ಬಣ್ಣ, ಗಾತ್ರ, ಮೀಟರ್ ಮೂರನ್ನೂ ಕೇಳುತ್ತಾರೆ. ತೀರ್ಪನ್ನು ಮಾತ್ರ ಸರ್ಕ್ಯೂಟ್ ನಕ್ಷೆಗೆ ಬಿಡುತ್ತಾರೆ.